ರಿಯಾಕ್ಷನ್ ಫೈಲ್ ಎಲ್ಲಿ ಕೈ ಕೊಡುತ್ತದೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರೊಸೆಸ್ ಸಿಮ್ಯುಲೇಷನ್ (ರಾಸಾಯನಿಕ ಪ್ಲಾಂಟನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು) ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದುಕೊಂಡಿದ್ದವು. ರಾಸಾಯನಿಕ ಕ್ರಿಯೆಗಳ ಫೈಲನ್ನು ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು, ತಿದ್ದಿದ ಮೇಲೆ ಉತ್ತರ ಏಕೆ ವಿಚಿತ್ರವಾಗಿ ಬರುತ್ತದೆ ಎಂದು ತಲೆ ಕೆಡಿಸಿಕೊಳ್ಳುವುದು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ ಆಸ್ಪೆನ್ ಪ್ಲಸ್ ಎಂಬ ಸಿಮ್ಯುಲೇಷನ್ ಸಾಫ್ಟ್‌ವೇರಿನ ಲೈಸೆನ್ಸ್ ಇರುವುದು ಕೆಲವೇ ಕಂಪ್ಯೂಟರುಗಳಲ್ಲಿ. ಮನೆಯ ಲ್ಯಾಪ್‌ಟಾಪಿನಲ್ಲಿ ಅಭ್ಯಾಸ ಮಾಡಲು ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ? ರಿಯಾಕ್ಷನ್ ಫೈಲಿನಲ್ಲಿ ಏನೇನು ಇರಲೇಬೇಕು?
– ಬಿ.ಇ. ಕೆಮಿಕಲ್ ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ಎರಡು ಸಾಕು, ಎರಡೂ ಉಚಿತ. ಪಂಪು, ಹೀಟರು, ಕಾಲಮ್ಮು ಇರುವ ಇಡೀ ಫ್ಲೋಶೀಟ್ (ಪ್ಲಾಂಟಿನ ನಕ್ಷೆ) ಬೇಕಿದ್ದರೆ ಡಿಡಬ್ಲ್ಯುಸಿಮ್. ಐಐಟಿ ಬಾಂಬೆಯ ಫಾಸೀ ಯೋಜನೆ ದೇಶದ ಕಾಲೇಜುಗಳಿಗೆ ಇದನ್ನೇ ಮುಟ್ಟಿಸುತ್ತಿದೆ, ವಿದ್ಯಾರ್ಥಿಗಳು ಮಾಡಿಟ್ಟ ಫ್ಲೋಶೀಟುಗಳೂ ಅಲ್ಲಿ ಸಿಗುತ್ತವೆ. ದಹನದಂತಹ, ನೂರಾರು ಕ್ರಿಯೆಗಳು ಒಂದಕ್ಕೊಂದು ಹೆಣೆದುಕೊಂಡಿರುವ ಕೆಲಸಕ್ಕೆ ಕ್ಯಾಂಟೆರಾ. ಪೈಥಾನ್ ಅಲ್ಪಸ್ವಲ್ಪ ಬಂದರೆ ನಡೆಯುತ್ತದೆ.

ಯಾವ ಸಾಫ್ಟ್‌ವೇರ್ ಆದರೂ ಕೇಳುವುದು ಅದೇ ನಾಲ್ಕೈದು ಸಂಗತಿ: ಯಾವ ಸಂಯುಕ್ತಗಳು, ಅವುಗಳ ಗುಣಾಂಕ ಎಷ್ಟು, ಖರ್ಚಾಗುವುದಕ್ಕೆ ಋಣ, ಹುಟ್ಟುವುದಕ್ಕೆ ಧನ, ಕ್ರಿಯೆ ದ್ರವದಲ್ಲೋ ಆವಿಯಲ್ಲೋ, ವೇಗದ ಸೂತ್ರ ಏನು, ಆ ಸೂತ್ರದ ಅಂಕಿಗಳು ಯಾವ ಯೂನಿಟ್‌ನಲ್ಲಿವೆ. ಗುಣಾಂಕ ತಪ್ಪಿದರೆ ಸಾಫ್ಟ್‌ವೇರ್ ಕೂಡಲೇ ಗಲಾಟೆ ಮಾಡುತ್ತದೆ. ಯೂನಿಟ್ ತಪ್ಪಿದರೆ ತುಟಿ ಪಿಟಕ್ಕೆನ್ನದೆ ಒಂದು ಉತ್ತರ ಕೊಟ್ಟುಬಿಡುತ್ತದೆ. ಕೆಳಗಿನ ಪತ್ರಗಳಲ್ಲಿ ಅರ್ಧಕ್ಕರ್ಧ ಅದರ ಪರಿಣಾಮವೇ.

ಇನ್ನೊಂದು ಮಾತು. ಡಿಡಬ್ಲ್ಯುಸಿಮ್‌ನಲ್ಲಿ ಕನ್ವರ್ಷನ್ (ಫೀಡಿನಲ್ಲಿ ಎಷ್ಟು ಪಾಲು ಕ್ರಿಯೆಗೆ ಒಳಗಾಗುತ್ತದೆ ಎಂಬುದು), ಈಕ್ವಿಲಿಬ್ರಿಯಂ (ಸಮತೋಲನ), ಕೈನೆಟಿಕ್ (ವೇಗದ ಸೂತ್ರ), ಹೆಟೆರೋಜೀನಿಯಸ್ ಕೆಟಲಿಟಿಕ್ (ಘನ ಕೆಟಲಿಸ್ಟ್ ಮೇಲಿನದು) ಎಂದು ನಾಲ್ಕು ಬಗೆಯ ರಿಯಾಕ್ಷನ್ ಇವೆ. ವೇಗದ ಡೇಟಾ ಇಲ್ಲದೆಯೇ ಕೈನೆಟಿಕ್ ಆರಿಸಿ, ಎಲ್ಲಿಂದಲೋ ಅಂಕಿ ತಂದು ತುಂಬುವ ಚಾಳಿ ಪ್ರಾಜೆಕ್ಟ್ ವರದಿಗಳಲ್ಲಿ ಬಹಳ. ಪ್ಲಾಂಟಿನಲ್ಲಿ 82 ಶೇಕಡಾ ಕನ್ವರ್ಷನ್ ಬರುತ್ತದೆ ಎಂದಷ್ಟೇ ಗೊತ್ತಿದ್ದರೆ ಕನ್ವರ್ಷನ್ ರಿಯಾಕ್ಷನ್ ಆರಿಸಿ 82 ಎಂದೇ ಬರೆಯಿರಿ. ಅದೇ ಪ್ರಾಮಾಣಿಕ ಫೈಲು.

ಪ್ರಶ್ನೆ: ಅಸಿಟಿಕ್ ಆಮ್ಲ ಮತ್ತು ಎಥನಾಲ್‌ನಿಂದ ಈಥೈಲ್ ಅಸಿಟೇಟ್ ಮಾಡುವ ಕ್ರಿಯೆ. ಪುಟ್ಟ ಆಟೋಕ್ಲೇವಿನಲ್ಲಿ 3 ಬಾರ್ ಒತ್ತಡ ಇಟ್ಟು ಅಳೆದಾಗ ವೇಗ ಸ್ಥಿರಾಂಕ 60 ಡಿಗ್ರಿ ಸೆಲ್ಸಿಯಸ್‌ಗೆ 1.2 × 10⁻³, 80 ಡಿಗ್ರಿಗೆ 3.9 × 10⁻³ ಲೀಟರ್ ಪ್ರತಿ ಮೋಲ್-ನಿಮಿಷ ಬಂತು. ಎರಡೂ ಸಮ ಮೋಲ್ ಫೀಡ್. ಡಿಡಬ್ಲ್ಯುಸಿಮ್‌ನಲ್ಲಿ 80 ಡಿಗ್ರಿಗೆ ಸಿಎಸ್‌ಟಿಆರ್ (ಸದಾ ಕಲಕುವ ಟ್ಯಾಂಕ್ ರಿಯಾಕ್ಟರ್) ಹಾಕಿದರೆ 10 ನಿಮಿಷದ ರೆಸಿಡೆನ್ಸ್ ಟೈಮಿಗೇ (ದ್ರವ ರಿಯಾಕ್ಟರಿನಲ್ಲಿ ಉಳಿಯುವ ಸರಾಸರಿ ಸಮಯ) 66 ಶೇಕಡಾ ಕನ್ವರ್ಷನ್ ತೋರಿಸುತ್ತಿದೆ. ಲ್ಯಾಬಿನಲ್ಲಿ ಅದರ ಹತ್ತಿರಕ್ಕೂ ಹೋಗಿಲ್ಲ. ಫೈಲಿನಲ್ಲಿ ಎ ಬೆಲೆ (ವೇಗ ಸ್ಥಿರಾಂಕದ ಸೂತ್ರದ ಮುಂದಿರುವ ಗುಣಕ) 21,900 ಎಂದು ಕೊಟ್ಟಿದ್ದೇವೆ.
– ಪ್ರೊಸೆಸ್ ಇಂಜಿನಿಯರ್, ಜಿಗಣಿ

ಉತ್ತರ: ನಿಮ್ಮ 21,900 ಸರಿಯಾಗಿದೆ. ಅದರ ಪಕ್ಕದ ಯೂನಿಟ್ ತಪ್ಪಿದೆ ಎಂದು ಕಾಣುತ್ತದೆ. ಮೊದಲಿಂದ ಲೆಕ್ಕ ಹಾಕೋಣ.

ಎರಡು ಸ್ಥಿರಾಂಕಗಳ ಅನುಪಾತ 3.25, ಅದರ ಸ್ವಾಭಾವಿಕ ಲಾಗ್ 1.179. ಉಷ್ಣತೆಗಳನ್ನು ಕೆಲ್ವಿನ್‌ಗೆ ತಂದರೆ 333.15 ಮತ್ತು 353.15, ಇವುಗಳ ವಿಲೋಮಗಳ ವ್ಯತ್ಯಾಸ 1.70 × 10⁻⁴. ಭಾಗಿಸಿದರೆ ಸುಮಾರು 6934 ಕೆಲ್ವಿನ್, ಅದನ್ನು 8.314ರಿಂದ ಗುಣಿಸಿದರೆ ಆಕ್ಟಿವೇಷನ್ ಎನರ್ಜಿ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆ) 57.65 ಕಿಲೋಜೌಲ್ ಪ್ರತಿ ಮೋಲ್. ಲೀಟರ್ ಪ್ರತಿ ಮೋಲ್ ಮತ್ತು ಘನ ಮೀಟರ್ ಪ್ರತಿ ಕಿಲೋಮೋಲ್ ಎರಡೂ ಒಂದೇ, ಹಾಗಾಗಿ ನಿಮಿಷವನ್ನು ಸೆಕೆಂಡ್ ಮಾಡಿದರೆ ಮುಗಿಯಿತು. 60 ಡಿಗ್ರಿಯ ಸ್ಥಿರಾಂಕ 2.0 × 10⁻⁵, 80 ಡಿಗ್ರಿಯದು 6.5 × 10⁻⁵ ಘನ ಮೀಟರ್ ಪ್ರತಿ ಕಿಲೋಮೋಲ್-ಸೆಕೆಂಡ್. ಇದರಿಂದ ಎ ಬೆಲೆ 2.19 × 10⁴ ಬರುತ್ತದೆ, ಅದೇ ಯೂನಿಟ್‌ನಲ್ಲಿ.

ಇನ್ನು ರಿಯಾಕ್ಷನ್ ಕಿಟಕಿ ನೋಡಿ. ಸಾಂದ್ರತೆಗೆ ಒಂದು ಯೂನಿಟ್, ವೇಗಕ್ಕೆ ಇನ್ನೊಂದು ಯೂನಿಟ್ ಆರಿಸುವ ಎರಡು ಪಟ್ಟಿಗಳಿವೆ. ಅಲ್ಲಿ ಮೋಲ್ ಪ್ರತಿ ಘನ ಮೀಟರ್ ಮತ್ತು ಮೋಲ್ ಪ್ರತಿ ಘನ ಮೀಟರ್-ಸೆಕೆಂಡ್ ಎಂದಿದ್ದರೆ ಕೊಡಬೇಕಾದ ಎ 21.9 ಮಾತ್ರ. 21,900 ಕೊಟ್ಟರೆ ಕ್ರಿಯೆ ಸಾವಿರ ಪಟ್ಟು ವೇಗವಾಗಿ ನಡೆಯುತ್ತದೆ.

ಸಾವಿರ ಪಟ್ಟು ತಪ್ಪಾದರೂ ನಿಮಗೆ ಕಂಡದ್ದು 66 ಶೇಕಡಾ ಎಂಬ, ನೋಡಲು ಸಭ್ಯವಾದ ಅಂಕಿ. ಕಾರಣ ಇಷ್ಟೆ: ಈ ಕ್ರಿಯೆಯ ಸಮತೋಲನ ಸ್ಥಿರಾಂಕ ಸುಮಾರು 4. ಸಮ ಮೋಲ್ ಫೀಡಿಗೆ ಸಮತೋಲನದ ಕನ್ವರ್ಷನ್ ಮೂರನೇ ಎರಡು ಭಾಗ, ಅಂದರೆ 66.7 ಶೇಕಡಾ. ಕ್ರಿಯೆ ಎಷ್ಟೇ ಓಡಿದರೂ ಆ ಗೋಡೆಗೆ ಹೋಗಿ ನಿಲ್ಲುತ್ತದೆ, ತಪ್ಪು ಅಲ್ಲೇ ಅಡಗಿಕೊಳ್ಳುತ್ತದೆ. ಕೈ ಲೆಕ್ಕದಲ್ಲಿ ಎರಡೂ ಸಾಂದ್ರತೆಗಳನ್ನು 8 ಕಿಲೋಮೋಲ್ ಪ್ರತಿ ಘನ ಮೀಟರ್ ಎಂದಿಟ್ಟುಕೊಂಡರೆ, 6.5 × 10⁻⁵ ಗುಣಿಸು 8 ಗುಣಿಸು 600 ಸೆಕೆಂಡ್, ಒಟ್ಟು 0.312. ಹಿಮ್ಮುಖ ಕ್ರಿಯೆಯನ್ನೂ ಸೇರಿಸಿ ಸಿಎಸ್‌ಟಿಆರ್ ಸಮೀಕರಣ ಬಿಡಿಸಿದರೆ ಕನ್ವರ್ಷನ್ ಸುಮಾರು 20 ಶೇಕಡಾ. ಅದೇ 0.312ರ ಬದಲು 312 ಹಾಕಿ ಬಿಡಿಸಿ, 66 ಶೇಕಡಾ ಬರುತ್ತದೆ. ನಿಮ್ಮ ಸ್ಕ್ರೀನಿನ ಅಂಕಿ ಅದೇ. ಹಿಮ್ಮುಖ ಇರುವ ಯಾವ ಕ್ರಿಯೆಯ ಫೈಲನ್ನೂ ದೊಡ್ಡ ರಿಯಾಕ್ಟರಿನಲ್ಲಿ ಪರೀಕ್ಷಿಸಬೇಡಿ. ರೆಸಿಡೆನ್ಸ್ ಟೈಮ್ ಒಂದೆರಡು ನಿಮಿಷಕ್ಕೆ ಇಳಿಸಿ, ಸಮತೋಲನದಿಂದ ದೂರ ಇರುವಾಗ ಅಂಕಿ ಹೋಲಿಸಿ.

ಇದೇ ಫೈಲಿನಲ್ಲಿ ನೋಡಬೇಕಾದ್ದು ಇನ್ನೂ ಇದೆ. ಬೇಸ್ ಕಾಂಪೊನೆಂಟ್ (ವೇಗವನ್ನು ಯಾವ ಸಂಯುಕ್ತದ ಲೆಕ್ಕದಲ್ಲಿ ಹೇಳುತ್ತೇವೋ ಅದು) ಆಗಿ ಆಮ್ಲವನ್ನೋ ಎಥನಾಲನ್ನೋ ಗುರುತು ಮಾಡಿ, ಉತ್ಪನ್ನವನ್ನಲ್ಲ. ಆರ್ಡರ್‌ಗಳು (ವೇಗದ ಸೂತ್ರದಲ್ಲಿ ಸಾಂದ್ರತೆಯ ಘಾತ) ಗುಣಾಂಕದಿಂದ ತಾವಾಗಿಯೇ ಬರುತ್ತವೆ ಎಂದು ನಂಬಿ ಕೂರಬೇಡಿ. ಮುಮ್ಮುಖಕ್ಕೆ ಆಮ್ಲ 1, ಎಥನಾಲ್ 1, ಹಿಮ್ಮುಖಕ್ಕೆ ಎಸ್ಟರ್ 1, ನೀರು 1 ಎಂದು ತುಂಬಿದೆಯೇ ನೋಡಿ. ಹಿಮ್ಮುಖದ ಎ ಬೆಲೆಗೆ ಮುಮ್ಮುಖದ ಕಾಲು ಭಾಗ, ಅದೇ ಆಕ್ಟಿವೇಷನ್ ಎನರ್ಜಿ. ಈ ಉಷ್ಣತೆಯ ಅಂತರದಲ್ಲಿ ಸಮತೋಲನ ಸ್ಥಿರಾಂಕ ಬದಲಾಗದು ಎಂಬ ಅಂದಾಜು ಇಲ್ಲಿ ನಡೆಯುತ್ತದೆ. ರಿಯಾಕ್ಟರಿನ ಒತ್ತಡವನ್ನೂ 3 ಬಾರ್‌ಗೇ ಇಡಿ. ಒಂದು ಬಾರ್‌ನಲ್ಲಿ ಈಥೈಲ್ ಅಸಿಟೇಟ್ 77 ಡಿಗ್ರಿಗೇ ಕುದಿಯುವ ವಸ್ತು. 80 ಡಿಗ್ರಿಯಲ್ಲಿ ಫೀಡಿನ ಒಂದು ಪಾಲು ಆವಿಯಾಗಿ ಹೋದರೆ, ದ್ರವ ಹಂತ ಎಂದು ಬರೆದ ಕ್ರಿಯೆಯಲ್ಲಿ ಆ ಪಾಲು ಭಾಗವಹಿಸುವುದೇ ಇಲ್ಲ.

ಆಕ್ಟಿವೇಷನ್ ಎನರ್ಜಿಯನ್ನು 57.65ರಿಂದ 58ಕ್ಕೆ ದುಂಡು ಮಾಡಬೇಕೆನಿಸಿದರೆ ಎ ಬೆಲೆಯನ್ನೂ ಮತ್ತೆ ಲೆಕ್ಕ ಹಾಕಿ. ಹಾಗೇ ಬಿಟ್ಟರೆ 60 ಡಿಗ್ರಿಯ ವೇಗ 12 ಶೇಕಡಾ ಕುಸಿಯುತ್ತದೆ. ಕೊನೆಗೆ, ನೀವು ಅಳೆದ ಸ್ಥಿರಾಂಕ ಆ ದಿನ ಹಾಕಿದ ಸಲ್ಫ್ಯೂರಿಕ್ ಆಮ್ಲದ ಪ್ರಮಾಣಕ್ಕಷ್ಟೇ ಅನ್ವಯ. ಕೆಟಲಿಸ್ಟ್ ಎಷ್ಟು ಹಾಕಿದ್ದಿರಿ ಎಂಬುದನ್ನು ರಿಯಾಕ್ಷನ್ ವಿವರಣೆಯ ಖಾನೆಯಲ್ಲಿ ಬರೆದಿಡಿ, ಇಲ್ಲವಾದರೆ ಮುಂದಿನವರಿಗೆ ಆ ಅಂಕಿ ನಿಷ್ಪ್ರಯೋಜಕ.

ಇದನ್ನೇ ಆಸ್ಪೆನ್ ಪ್ಲಸ್‌ಗೆ ಒಯ್ಯುವವರಿಗೆ: ಅಲ್ಲಿ ಪವರ್ ಲಾ ಕಿಟಕಿಯ ಎ ಬೆಲೆಯನ್ನು ಎಸ್‌ಐನಲ್ಲೇ ಕೊಡಬೇಕು, ನೀವು ಯಾವ ಯೂನಿಟ್ ಸೆಟ್ ಆರಿಸಿದ್ದರೂ. ಸಾಂದ್ರತೆ ಕಿಲೋಮೋಲ್ ಪ್ರತಿ ಘನ ಮೀಟರ್, ಸಮಯ ಸೆಕೆಂಡ್. ಆಕ್ಟಿವೇಷನ್ ಎನರ್ಜಿಗೆ ಮಾತ್ರ ಪಕ್ಕದಲ್ಲೇ ಯೂನಿಟ್ ಆರಿಸಬಹುದು. ಒಂದೇ ಕಿಟಕಿಯಲ್ಲಿ ಎರಡು ನ್ಯಾಯ ಇರುವುದರಿಂದ ಎಡವುವವರು ಹೆಚ್ಚು.

ಪ್ರಶ್ನೆ: ಕೆಮ್‌ಕಿನ್ ಎಂಬ ಹಳೆಯ ದಹನ ಸಾಫ್ಟ್‌ವೇರಿನ ಫೈಲುಗಳನ್ನು ಕ್ಯಾಂಟೆರಾದ ಯಾಮಲ್ ಎಂಬ ಪಠ್ಯ ರೂಪಕ್ಕೆ ತರಲು ಹೊರಟರೆ ಒಂದಾದ ಮೇಲೊಂದು ಎರರ್. ಡೂಪ್ಲಿಕೇಟ್ ರಿಯಾಕ್ಷನ್ ಎನ್ನುತ್ತದೆ, ಥರ್ಮೋ ಸಾಲು (ಸಂಯುಕ್ತಗಳ ಶಾಖದ ಗುಣಗಳ ಅಂಕಿ) ಓದಲಾಗಲಿಲ್ಲ ಎನ್ನುತ್ತದೆ. ಆಕ್ಟಿವೇಷನ್ ಎನರ್ಜಿ ಋಣವಾಗಿರುವ ಸಾಲುಗಳೂ ಇವೆ. ಫೈಲೇ ಕೆಟ್ಟಿದೆಯೇ?
– ಸಂಶೋಧನಾ ವಿದ್ಯಾರ್ಥಿ, ಮಲ್ಲೇಶ್ವರ

ಉತ್ತರ: ಋಣ ಆಕ್ಟಿವೇಷನ್ ಎನರ್ಜಿ ತಪ್ಪಲ್ಲ, ಅದನ್ನು ಮುಟ್ಟಲು ಹೋಗಬೇಡಿ. ನೈಸರ್ಗಿಕ ಅನಿಲದ ದಹನಕ್ಕೆ ಎಲ್ಲರೂ ಬಳಸುವ ಜಿಆರ್‌ಐ-ಮೆಕ್ 3.0 ತೆಗೆದುಕೊಳ್ಳಿ. ಅದರಲ್ಲಿ 53 ಸಂಯುಕ್ತ, 325 ಕ್ರಿಯೆ. ಎರಡು ಹೈಡ್ರೋಪೆರಾಕ್ಸಿಲ್ ಕಣಗಳು ಕೂಡಿ ಆಮ್ಲಜನಕ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗುವ ಕ್ರಿಯೆ ಅಲ್ಲಿ ಎರಡು ಸಲ ಇದೆ: ಒಂದಕ್ಕೆ ಎ 1.3 × 10¹¹, ಎನರ್ಜಿ ಋಣ 1630 ಕ್ಯಾಲರಿ, ಇನ್ನೊಂದಕ್ಕೆ 4.2 × 10¹⁴, ಧನ 12,000. ತಣ್ಣಗಿರುವಾಗ ಒಂದು ದಾರಿ, ಬಿಸಿಯಾದಾಗ ಇನ್ನೊಂದು ದಾರಿ. ಎರಡರ ಮೊತ್ತವೇ ನಿಜವಾದ ವೇಗ. ಹೀಗೆ ಬೇಕೆಂದೇ ಎರಡು ಸಲ ಬರೆದಿದ್ದರೆ ಎರಡೂ ಸಾಲಿನ ಕೆಳಗೆ ಡೂಪ್ಲಿಕೇಟ್ ಎಂಬ ಗುರುತು ಇರಬೇಕು. ಒಂದರ ಕೆಳಗೆ ಮಾತ್ರ ಇದ್ದರೂ ಕ್ಯಾಂಟೆರಾ ಒಪ್ಪುವುದಿಲ್ಲ. ಆದರೆ ಎರರ್ ಬಂದ ಕಡೆಯಲ್ಲೆಲ್ಲ ಕಣ್ಣು ಮುಚ್ಚಿ ಗುರುತು ಅಂಟಿಸಬೇಡಿ. ಎರಡು ಮೂಲಗಳಿಂದ ಫೈಲ್ ಜೋಡಿಸುವಾಗ ಒಂದೇ ಕ್ರಿಯೆ ಎರಡೂ ಕಡೆಯಿಂದ ಬಂದಿದ್ದರೆ, ಗುರುತು ಹಾಕಿದೊಡನೆ ಅದರ ವೇಗ ಇಮ್ಮಡಿ. ಅಲ್ಲಿ ಒಂದನ್ನು ಅಳಿಸುವುದೇ ದಾರಿ.

ಥರ್ಮೋ ಸಾಲಿನದು ಬೇರೆ ಕಥೆ. ಕೆಮ್‌ಕಿನ್ ಹುಟ್ಟಿದ್ದು ಸ್ಯಾಂಡಿಯಾ ಪ್ರಯೋಗಾಲಯದಲ್ಲಿ, ಫೋರ್‌ಟ್ರಾನ್ ಕಾಲದಲ್ಲಿ. ಹಾಗಾಗಿ ಇಲ್ಲಿ ಕಾಲಮ್ ಲೆಕ್ಕವೇ ವ್ಯಾಕರಣ. ಪ್ರತಿ ಸಂಯುಕ್ತಕ್ಕೆ ನಾಲ್ಕು ಸಾಲು, ಸಾಲಿನ ಸಂಖ್ಯೆ 80ನೇ ಕಾಲಮ್‌ನಲ್ಲೇ ಕೂರಬೇಕು. ಎರಡನೇ ಸಾಲಿನಿಂದ 14 ಗುಣಾಂಕ, ಒಂದೊಂದಕ್ಕೆ 15 ಕಾಲಮ್, ಸಾಲಿಗೆ ಐದು. ಮೊದಲ ಏಳು ಹೆಚ್ಚಿನ ಉಷ್ಣತೆಯವು, ಆಮೇಲಿನ ಏಳು ಕಡಿಮೆ ಉಷ್ಣತೆಯವು. ಈ ತಿರುವುಮುರುವು ಕ್ರಮ ಹೊಸಬರನ್ನು ಏಮಾರಿಸುತ್ತದೆ. ಋಣ ಅಂಕಿ ಬಂದಾಗ ಹಿಂದಿನ ಅಂಕಿಗೆ ಅಂಟಿಕೊಂಡೇ ಇರುತ್ತದೆ, ನಡುವೆ ಜಾಗ ಇರುವುದಿಲ್ಲ. ನೋಡಲು ಚೆನ್ನಾಗಿಲ್ಲವೆಂದು ಯಾರಾದರೂ ಒಂದು ಸ್ಪೇಸ್ ಕೊಟ್ಟರೆ ಆ ಸಾಲಿನ ಉಳಿದದ್ದೆಲ್ಲ ಒಂದು ಕಾಲಮ್ ಸರಿದು, 80ರಲ್ಲಿದ್ದ ಅಂಕಿ 81ಕ್ಕೆ ಹೋಗುತ್ತದೆ. ಟ್ಯಾಬ್ ಒತ್ತಿದರೂ ಅದೇ ಗತಿ. ಎಡಿಟರಿನಲ್ಲಿ ಕಾಲಮ್ ಸಂಖ್ಯೆ ಕಾಣುವಂತೆ ಮಾಡಿಕೊಂಡು, ಸಮ ಅಗಲದ ಅಕ್ಷರದಲ್ಲಿ ಮಾತ್ರ ತಿದ್ದಿ.

ಸಿಕೆ2ಯಾಮಲ್ ಪರಿವರ್ತಕಕ್ಕೆ ಪರ್ಮಿಸಿವ್ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಹಲವು ಎರರ್‌ಗಳು ಬರೀ ಎಚ್ಚರಿಕೆಯಾಗಿ ದಾಟಿಹೋಗುತ್ತವೆ. ಮೊದಲ ಸಲವೇ ಅದನ್ನು ಬಳಸಬೇಡಿ. ಪ್ರತಿ ಎರರ್ ಓದಿ, ಅದು ಏನು ಎಂದು ಅರ್ಥವಾದ ಮೇಲೆ ಬೇಕಿದ್ದರೆ ಬಳಸಿ. 1000 ಕೆಲ್ವಿನ್ ಸಂಧಿಯಲ್ಲಿ ಉಷ್ಣ ಧಾರಕತೆ ಜಿಗಿಯುತ್ತಿದೆ ಎಂಬ ಎಚ್ಚರಿಕೆ ಬಂದರೆ ಮಾತ್ರ ಉಡಾಫೆ ಬೇಡ. ಚಿಕ್ಕ ಜಿಗಿತ ಹಳೆಯ ಡೇಟಾದಲ್ಲಿ ಮಾಮೂಲು, ದೊಡ್ಡದಾದರೆ ಯಾವುದೋ ಗುಣಾಂಕದ ಚಿಹ್ನೆ ಕಳೆದುಹೋಗಿದೆ ಎಂದೇ ಅರ್ಥ. ಹಿಮ್ಮುಖ ವೇಗಗಳನ್ನು ಕ್ಯಾಂಟೆರಾ ಇದೇ ಥರ್ಮೋ ಡೇಟಾದಿಂದ ಕಂಡುಕೊಳ್ಳುವುದರಿಂದ, ಇಲ್ಲಿನ ಒಂದು ತಪ್ಪು ಆ ಸಂಯುಕ್ತ ಇರುವ ಪ್ರತಿ ಎರಡು ದಿಕ್ಕಿನ ಕ್ರಿಯೆಗೂ ತಟ್ಟುತ್ತದೆ.

ಸಿಟಿಐ, ಎಕ್ಸ್‌ಎಂಎಲ್ ರೂಪದ ಹಳೆಯ ಪಾಠಗಳನ್ನು ನೋಡಿ ಕಲಿಯುತ್ತಿದ್ದರೆ, ಕ್ಯಾಂಟೆರಾ 3.0ರಿಂದ ಅವೆರಡನ್ನೂ ಕೈಬಿಡಲಾಗಿದೆ. ಎಲ್ಲವೂ ಯಾಮಲ್.

ಯಾಮಲ್ ಫೈಲನ್ನು ಸ್ವಂತ ಪೈಥಾನ್ ಸ್ಕ್ರಿಪ್ಟಿನಿಂದ ತಿದ್ದುವವರಿಗೆ ಒಂದು ಗುಂಡಿ ಕಾದಿದೆ. ಪೈಯಾಮಲ್ ಎಂಬ ಲೈಬ್ರರಿ ಯಾಮಲ್‌ನ ಹಳೆಯ 1.1 ನಿಯಮ ಪಾಲಿಸುತ್ತದೆ. ನೈಟ್ರಿಕ್ ಆಕ್ಸೈಡಿನ ಸೂತ್ರವಾದ NO ಎಂಬ ಎರಡು ದೊಡ್ಡಕ್ಷರಗಳನ್ನು ಅದು 'ಇಲ್ಲ' ಎಂಬ ಉತ್ತರ ಎಂದುಕೊಂಡು ಫಾಲ್ಸ್ ಎಂದು ಬದಲಿಸಿಬಿಡುತ್ತದೆ. ಫೈಲ್ ಉಳಿಸಿದ ಮೇಲೆ ಸಂಯುಕ್ತಗಳ ಪಟ್ಟಿಯಲ್ಲಿ ನೈಟ್ರಿಕ್ ಆಕ್ಸೈಡೇ ಮಾಯ. ಆ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ, ಅಥವಾ 1.2 ನಿಯಮದ ರುವಾಮೆಲ್ ಲೈಬ್ರರಿ ಬಳಸಿ.

ಪ್ರಶ್ನೆ: ಒಂದು ಪ್ರಬಂಧದ ಪಿಡಿಎಫ್‌ನಿಂದ ಕ್ರಿಯೆಗಳ ಪಟ್ಟಿ ನಕಲಿಸಿ ಫೈಲ್ ಮಾಡಿದೆ. ಎರರ್ ಒಂದೂ ಇಲ್ಲ, ಆದರೆ ಇಂಧನ ಹೊತ್ತಿಕೊಳ್ಳುವ ಸಮಯ ಪ್ರಯೋಗಕ್ಕಿಂತ ತೀರಾ ಕಡಿಮೆ ಬರುತ್ತಿದೆ.
– ಎಂ.ಟೆಕ್. ವಿದ್ಯಾರ್ಥಿ, ಯಲಹಂಕ

ಉತ್ತರ: ಮೊದಲ ಅನುಮಾನ ಆಕ್ಟಿವೇಷನ್ ಎನರ್ಜಿಯ ಯೂನಿಟ್ ಮೇಲೆ. ಕೆಮ್‌ಕಿನ್‌ನಲ್ಲಿ ರಿಯಾಕ್ಷನ್ಸ್ ಎಂಬ ಶೀರ್ಷಿಕೆ ಸಾಲಿನ ಪಕ್ಕದಲ್ಲಿ ಏನೂ ಬರೆಯದಿದ್ದರೆ ಕ್ಯಾಲರಿ ಪ್ರತಿ ಮೋಲ್ ಎಂದು ಅರ್ಥ, ಎ ಬೆಲೆ ಸೆಂಟಿಮೀಟರ್-ಮೋಲ್-ಸೆಕೆಂಡ್‌ನಲ್ಲಿ. ಕ್ಯಾಂಟೆರಾ ಯಾಮಲ್‌ನಲ್ಲಿ ಯೂನಿಟ್ಸ್ ಸಾಲು ಬರೆಯದಿದ್ದರೆ ಮೀಟರ್, ಕಿಲೋಮೋಲ್, ಮತ್ತು ಎನರ್ಜಿಗೆ ಜೌಲ್ ಪ್ರತಿ ಕಿಲೋಮೋಲ್.

ಹೈಡ್ರೋಜನ್ ಪರಮಾಣು ಮತ್ತು ಆಮ್ಲಜನಕ ಸೇರಿ ಆಮ್ಲಜನಕ ಪರಮಾಣು, ಹೈಡ್ರಾಕ್ಸಿಲ್ ಆಗುವುದು ದಹನದ ಮುಖ್ಯ ಕವಲು ಕ್ರಿಯೆ. ಜಿಆರ್‌ಐ 3.0ರಲ್ಲಿ ಅದಕ್ಕೆ ಎ 2.65 × 10¹⁶, ಉಷ್ಣತೆಯ ಘಾತ ಋಣ 0.6707, ಎನರ್ಜಿ 17,041 ಕ್ಯಾಲರಿ. 1500 ಕೆಲ್ವಿನ್‌ಗೆ ಕೈಯಲ್ಲೇ ಲೆಕ್ಕ ಹಾಕಿದರೆ ವೇಗ ಸ್ಥಿರಾಂಕ ಸುಮಾರು 6.5 × 10¹¹ ಘನ ಸೆಂಟಿಮೀಟರ್ ಪ್ರತಿ ಮೋಲ್-ಸೆಕೆಂಡ್. ಆ 17,041ನ್ನು ಜೌಲ್ ಪ್ರತಿ ಮೋಲ್ ಎಂದು ಓದಿದರೆ 1500 ಕೆಲ್ವಿನ್‌ನಲ್ಲಿ ವೇಗ 77 ಪಟ್ಟು ಹೆಚ್ಚು. 1000 ಕೆಲ್ವಿನ್‌ನಲ್ಲಿ 680 ಪಟ್ಟು. ಉಷ್ಣತೆ ಇಳಿದಂತೆ ತಪ್ಪು ಬೆಳೆಯುವುದು ಈ ದೋಷದ ಗುರುತು. ನಿಮ್ಮ ಫಲಿತಾಂಶವನ್ನು ಎರಡು ಉಷ್ಣತೆಯಲ್ಲಿ ಪ್ರಯೋಗದ ಜೊತೆ ಹೋಲಿಸಿ. ತಣ್ಣಗಿನ ತುದಿಯಲ್ಲಿ ಅಂತರ ಹಿಗ್ಗುತ್ತಿದ್ದರೆ ಎನರ್ಜಿ, ಎರಡೂ ಕಡೆ ಒಂದೇ ಅನುಪಾತದಲ್ಲಿ ತಪ್ಪಿದ್ದರೆ ಎ ಬೆಲೆ.

ಎ ಬೆಲೆಯನ್ನು ಸೆಂಟಿಮೀಟರ್-ಮೋಲ್‌ನಿಂದ ಮೀಟರ್-ಕಿಲೋಮೋಲ್‌ಗೆ ತರುವಾಗ ಎರಡನೇ ಆರ್ಡರಿಗೆ 10⁻³ರಿಂದ, ಮೂರನೇ ಆರ್ಡರಿಗೆ 10⁻⁶ರಿಂದ ಗುಣಿಸಬೇಕು. ಒಂದನೇ ಆರ್ಡರಿಗೆ ಏನೂ ಬೇಡ. ಒತ್ತಡ ಅವಲಂಬಿಸುವ ಫಾಲ್‌ಆಫ್ ಕ್ರಿಯೆಯಲ್ಲಿ ಇದು ಇನ್ನಷ್ಟು ಗೋಜಲು, ಏಕೆಂದರೆ ಒಂದೇ ಕ್ರಿಯೆಯೊಳಗೆ ಎರಡು ಆರ್ಡರ್ ಇವೆ. ಮೀಥೈಲ್ ಮತ್ತು ಹೈಡ್ರೋಜನ್ ಪರಮಾಣು ಕೂಡಿ ಮೀಥೇನ್ ಆಗುವ ಕ್ರಿಯೆಗೆ ಮುಖ್ಯ ಸಾಲಿನ 1.39 × 10¹⁶ ಹೆಚ್ಚಿನ ಒತ್ತಡದ ಮಿತಿ, ಎರಡನೇ ಆರ್ಡರ್. ಅದರ ಕೆಳಗೆ ಲೋ ಎಂದು ಬರೆದ 2.62 × 10³³ ಕಡಿಮೆ ಒತ್ತಡದ ಮಿತಿ, ಮೂರನೇ ಆರ್ಡರ್. ಎರಡಕ್ಕೂ ಒಂದೇ ಅಂಕಿಯಿಂದ ಗುಣಿಸಿದರೆ ಕೆಟ್ಟಿತು. ನಮ್ಮ ಸಲಹೆ: ಕೈಯಿಂದ ಬದಲಿಸಲೇ ಬೇಡಿ. ಮೂಲದ ಅಂಕಿಗಳನ್ನು ಹಾಗೇ ಬರೆದು, ಫೈಲಿನ ತಲೆಯಲ್ಲಿ ಯೂನಿಟ್ಸ್ ಸಾಲು ಹಾಕಿ ಉದ್ದಕ್ಕೆ ಸೆಂಟಿಮೀಟರ್, ಪ್ರಮಾಣಕ್ಕೆ ಮೋಲ್, ಎನರ್ಜಿಗೆ ಕ್ಯಾಲರಿ ಪ್ರತಿ ಮೋಲ್ ಎಂದು ಘೋಷಿಸಿಬಿಡಿ. ಪ್ರಬಂಧದ ಪಕ್ಕ ಫೈಲಿಟ್ಟು ಸಾಲು ಸಾಲಾಗಿ ತಾಳೆ ನೋಡಲೂ ಅದೇ ಸುಲಭ.

ಪಿಡಿಎಫ್ ನಕಲಿನದೇ ಬೇರೆ ಕಾಟ. ಮೇಲೆ ಬರೆದ ಘಾತ ನಕಲಿಸಿದಾಗ ಕೆಳಗಿಳಿದು, ಹತ್ತರ ಘಾತ 13 ಎಂಬುದು 1013 ಆಗುತ್ತದೆ. ಅಚ್ಚಿನ ಋಣ ಚಿಹ್ನೆ ಕೀಬೋರ್ಡಿನ ಹೈಫನ್ ಅಲ್ಲ. ಕೆಲವು ಸಲ ಅದು ಬಿದ್ದುಹೋಗಿ ಋಣ 0.67 ಧನವಾಗುತ್ತದೆ. ಎ ಬೆಲೆಗಳ ಕಾಲಮನ್ನು ಮೇಲಿಂದ ಕೆಳಕ್ಕೆ ಒಮ್ಮೆ ಕಣ್ಣಾಡಿಸಿ. 10¹¹, 10¹³ಗಳ ನಡುವೆ ಒಂದು 1013 ಕುಳಿತಿದ್ದರೆ ಎದ್ದು ಕಾಣುತ್ತದೆ.

ಪ್ರಶ್ನೆ: ಮೀಥೇನ್ ಸ್ಟೀಮ್ ರಿಫಾರ್ಮಿಂಗ್‌ಗೆ (ಮೀಥೇನ್ ಮತ್ತು ಹಬೆಯಿಂದ ಹೈಡ್ರೋಜನ್ ಪಡೆಯುವುದು) ಕ್ಸು–ಫ್ರೊಮೆಂಟ್ ಎಂಬ ವೇಗದ ಸಮೀಕರಣಗಳನ್ನು ಪಿಎಫ್‌ಆರ್ ಎಂಬ ಕೊಳವೆ ರಿಯಾಕ್ಟರಿನಲ್ಲಿ ಹಾಕಿದ್ದೇವೆ. ಲೆಕ್ಕ ಮೊದಲ ಹೆಜ್ಜೆಯಲ್ಲೇ ಕುಸಿಯುತ್ತದೆ. ಹೇಗೋ ಓಡಿಸಿದರೆ ಕನ್ವರ್ಷನ್ ಸೊನ್ನೆ.
– ಡಿಸೈನ್ ಇಂಜಿನಿಯರ್, ಪೀಣ್ಯ

ಉತ್ತರ: ಎರಡು ರೋಗಗಳು ಒಟ್ಟಿಗೆ ಇವೆ.

ಕುಸಿತಕ್ಕೆ ಕಾರಣ ಹೈಡ್ರೋಜನ್. 1989ರ ಈ ಸಮೀಕರಣಗಳಲ್ಲಿ ಮೊದಲ ಕ್ರಿಯೆಯ ವೇಗವನ್ನು ಹೈಡ್ರೋಜನ್ ಒತ್ತಡದ 2.5ನೇ ಘಾತದಿಂದ ಭಾಗಿಸಬೇಕು. ಫೀಡಿನಲ್ಲಿ ಮೀಥೇನ್ ಮತ್ತು ಹಬೆ ಮಾತ್ರ ಇದ್ದರೆ ಒಳಬರುವ ಬಿಂದುವಿನಲ್ಲಿ ಸೊನ್ನೆಯಿಂದ ಭಾಗಾಕಾರ. ಫೀಡಿಗೆ ಒಂದಿಷ್ಟು ಹೈಡ್ರೋಜನ್ ಸೇರಿಸಿ. ನಿಜವಾದ ಪ್ಲಾಂಟುಗಳಲ್ಲೂ ಗಂಧಕ ತೆಗೆಯುವ ಹಂತಕ್ಕೆ ಬೆರೆಸಿದ ಹೈಡ್ರೋಜನ್ ಫೀಡಿನ ಜೊತೆ ಬರುವುದರಿಂದ ಇದೇನು ಮೋಸವಲ್ಲ. ಆ ಪ್ರಮಾಣವನ್ನು ಇಮ್ಮಡಿ ಮಾಡಿದಾಗ ಹೊರಹರಿವು ಬದಲಾಗಬಾರದು, ಅಷ್ಟು ನೋಡಿಕೊಳ್ಳಿ.

ಸೊನ್ನೆ ಕನ್ವರ್ಷನ್‌ಗೆ ಕಾರಣ ಬಹುಶಃ ಒಂದು ಚಿಹ್ನೆ. ಅನಿಲಗಳು ಕೆಟಲಿಸ್ಟಿನ ಹೊರಮೈಗೆ ಎಷ್ಟು ಅಂಟಿಕೊಳ್ಳುತ್ತವೆ ಎಂದು ಹೇಳುವ ಸ್ಥಿರಾಂಕಗಳಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್, ಮೀಥೇನ್ ಮೂರರ ಎಂಥಾಲ್ಪಿ ಋಣ: 70.65, 82.90, 38.28 ಕಿಲೋಜೌಲ್. ನೀರಿನದು ಮಾತ್ರ ಧನ 88.68. ಸಾಲಿಗೆ ಹೊಂದಲಿ ಎಂದು ಅದನ್ನೂ ಋಣ ಮಾಡಿದವರುಂಟು. ಸರಿಯಾದ ಚಿಹ್ನೆಯಲ್ಲಿ 800 ಕೆಲ್ವಿನ್‌ಗೆ ನೀರಿನ ಸ್ಥಿರಾಂಕ 0.29, ಚಿಹ್ನೆ ತಿರುಗಿದರೆ 10¹¹ ದಾಟುತ್ತದೆ. ಅದು ಛೇದದಲ್ಲಿದೆ, ಛೇದಕ್ಕೆ ವರ್ಗ ಬೇರೆ. ಕ್ರಿಯೆ ಉಸಿರೆತ್ತದು.

ಯೂನಿಟ್ ಕೂಡ ನೋಡಿ. ಮೊದಲ ಕ್ರಿಯೆಯ ಎ 4.225 × 10¹⁵, ಕಿಲೋಮೋಲ್ ಗುಣಿಸು ಬಾರ್‌ನ ಅರ್ಧ ಘಾತ, ಪ್ರತಿ ಕಿಲೋ ಕೆಟಲಿಸ್ಟ್ ಪ್ರತಿ ಗಂಟೆ. ಪಾಸ್ಕಲ್ ಮತ್ತು ಸೆಕೆಂಡಿಗೆ ತರಲು 316.2ರಿಂದ ಗುಣಿಸಿ 3600ರಿಂದ ಭಾಗಿಸಿ, 3.71 × 10¹⁴ ಬರುತ್ತದೆ. ಎರಡನೆಯದಕ್ಕೆ ಬಾರ್‌ನ ಘಾತ ಬೇರೆ, ಹಾಗಾಗಿ ಅದೇ ಗುಣಕ ನಡೆಯುವುದಿಲ್ಲ. ಸಾಫ್ಟ್‌ವೇರ್ ವೇಗವನ್ನು ಘನ ಮೀಟರ್ ಲೆಕ್ಕದಲ್ಲಿ ಕೇಳಿದರೆ ಕೆಟಲಿಸ್ಟಿನ ಬಲ್ಕ್ ಸಾಂದ್ರತೆಯಿಂದ ಗುಣಿಸಬೇಕು, ಗುಳಿಗೆಯ ಸಾಂದ್ರತೆಯಿಂದಲ್ಲ. ಗುಳಿಗೆಯ ಸಾಂದ್ರತೆಯಲ್ಲಿ ಗುಳಿಗೆಗಳ ನಡುವಿನ ಖಾಲಿ ಜಾಗ ಸೇರಿರುವುದಿಲ್ಲ. ಮೂರನೇ ಕ್ರಿಯೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇಲ್ಲದಿದ್ದರೂ ಛೇದದಲ್ಲಿ ಅದರ ಒತ್ತಡ ಬೇಕು ಎಂಬುದನ್ನೂ ಮರೆಯಬೇಡಿ.

ಪ್ರಶ್ನೆ: ಡೇಟಾಬೇಸಿನಲ್ಲಿ ಇಲ್ಲದ ಒಂದು ಇಂಟರ್‌ಮೀಡಿಯೆಟ್ ಅನ್ನು ನಾವೇ ಡಿಡಬ್ಲ್ಯುಸಿಮ್‌ನಲ್ಲಿ ಸೃಷ್ಟಿಸಿದೆವು. ಸ್ಟಾಯ್ಕಿಯೋಮೆಟ್ರಿ ಸರಿ ಎನ್ನುತ್ತದೆ, ಆದರೆ ಅಡಿಯಬ್ಯಾಟಿಕ್ (ಶಾಖ ಹೊರಹೋಗದ) ರಿಯಾಕ್ಟರಿನಿಂದ 900 ಡಿಗ್ರಿಯಲ್ಲಿ ಹೊರಬರುತ್ತದೆ. ಫ್ಲಾಸ್ಕಿನಲ್ಲಿ 15 ಡಿಗ್ರಿಯೂ ಏರಿರಲಿಲ್ಲ.
– ಆರ್ ಅಂಡ್ ಡಿ ಕೆಮಿಸ್ಟ್, ಬೊಮ್ಮಸಂದ್ರ

ಉತ್ತರ: ಸ್ಟಾಯ್ಕಿಯೋಮೆಟ್ರಿ ಸರಿ ಎಂದರೆ ತೂಕ ತಾಳೆಯಾಯಿತು ಎಂದಷ್ಟೇ. ಕ್ರಿಯೆಯ ಶಾಖ ಬರುವುದು ಸಂಯುಕ್ತಗಳ ಹೀಟ್ ಆಫ್ ಫಾರ್ಮೇಷನ್‌ನಿಂದ, ಅಂದರೆ ಮೂಲಧಾತುಗಳಿಂದ ಸಂಯುಕ್ತ ರೂಪುಗೊಳ್ಳುವಾಗಿನ ಶಾಖದಿಂದ. ಹೊಸ ಸಂಯುಕ್ತಕ್ಕೆ ಅದು ಸೊನ್ನೆಯಾಗಿ ಉಳಿದಿರಬಹುದು, ಅಥವಾ ಯೂನಿಟ್ ತಪ್ಪಿರಬಹುದು. ಡಿಡಬ್ಲ್ಯುಸಿಮ್ ಇದನ್ನು ಕಿಲೋಜೌಲ್ ಪ್ರತಿ ಕಿಲೋಗ್ರಾಂ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ, ಪುಸ್ತಕಗಳು ಪ್ರತಿ ಮೋಲ್ ಕೊಡುತ್ತವೆ. ಎಥನಾಲ್ ಆವಿಗೆ ಋಣ 234.8 ಕಿಲೋಜೌಲ್ ಪ್ರತಿ ಮೋಲ್, 46.07ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಋಣ 5097 ಪ್ರತಿ ಕಿಲೋ. ಬೇಕಾದ್ದು ಆದರ್ಶ ಅನಿಲದ ಬೆಲೆ ಎಂಬುದೂ ಮುಖ್ಯ. ದ್ರವದ ಬೆಲೆ ಋಣ 277.6 ಹಾಕಿದರೆ, ಆವಿಯಾಗುವ ಶಾಖದ ಸುಮಾರು 43 ಕಿಲೋಜೌಲ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಯೂನಿಟ್ ಸರಿಪಡಿಸಿದ ಮೇಲೂ ಅಂಕಿ ನಂಬುವಂತಿರುವುದಿಲ್ಲ. ಅಣುವಿನ ತುಂಡುಗಳನ್ನು ಕೂಡಿ ಅಂದಾಜು ಮಾಡುವ ಜೋಬ್ಯಾಕ್ ವಿಧಾನದಲ್ಲಿ ಒಂದಷ್ಟು ಕಿಲೋಜೌಲ್ ಆಚೀಚೆ ಸಹಜ, ಕ್ರಿಯೆಯ ಶಾಖವೋ ದೊಡ್ಡ ಅಂಕಿಗಳ ನಡುವಿನ ಚಿಕ್ಕ ವ್ಯತ್ಯಾಸ. ನಿಮ್ಮಲ್ಲಿ ರಿಯಾಕ್ಷನ್ ಕ್ಯಾಲರಿಮೀಟರ್ ಇದ್ದರೆ ಅಳೆದ ಶಾಖ ಹಿಡಿದು, ಹೊಸ ಸಂಯುಕ್ತದ ಬೆಲೆಯನ್ನು ರಿಯಾಕ್ಷನ್ ಕಿಟಕಿಯ ಶಾಖ ಅದಕ್ಕೆ ಹೊಂದುವವರೆಗೆ ತಿದ್ದಿ. ಅಳೆದದ್ದು ದ್ರವದಲ್ಲಿ, ಕಿಟಕಿ ತೋರುವುದು ಅನಿಲದ ಲೆಕ್ಕದಲ್ಲಿ. ನಡುವೆ ಆವಿಯಾಗುವ ಶಾಖಗಳ ವ್ಯತ್ಯಾಸ ಸೇರಿಸಿಕೊಳ್ಳಬೇಕು. ಕ್ಯಾಂಟೆರಾ ಬಳಸುವವರು ಇದೇ ತಿದ್ದುಪಡಿಯನ್ನು ಥರ್ಮೋ ಡೇಟಾದ ಆರನೇ ಗುಣಾಂಕದಲ್ಲಿ ಮಾಡಬಹುದು: ಪ್ರತಿ ಕಿಲೋಕ್ಯಾಲರಿಗೆ 503.2 ಕೂಡಿಸಬೇಕು ಅಥವಾ ಕಳೆಯಬೇಕು, ಎರಡೂ ಉಷ್ಣತಾ ವಲಯದಲ್ಲಿ. ಒಂದರಲ್ಲಿ ಮರೆತರೆ 1000 ಕೆಲ್ವಿನ್‌ನಲ್ಲಿ ಮೆಟ್ಟಿಲು ಬೀಳುತ್ತದೆ.

ಪ್ರಶ್ನೆ: ನಾಲ್ಕು ಜನ ಒಂದೇ ಫೈಲ್ ತಿದ್ದುತ್ತೇವೆ. ವಾಟ್ಸಾಪಿನಲ್ಲಿ ಫೈನಲ್, ಫೈನಲ್-2, ನಿಜವಾದ ಫೈನಲ್ ಎಂದು ಓಡಾಡುತ್ತಿವೆ. ಏನು ಮಾಡಬಹುದು?
– ಪ್ರಾಜೆಕ್ಟ್ ತಂಡ, ಕುಮಾರಸ್ವಾಮಿ ಲೇಔಟ್

ಉತ್ತರ: ಗಿಟ್ ಬಳಸಿ, ಅದು ಫೈಲಿನ ಪ್ರತಿ ಬದಲಾವಣೆಯನ್ನು ದಾಖಲಿಸುವ ಸಾಫ್ಟ್‌ವೇರ್. ಕೆಮ್‌ಕಿನ್, ಯಾಮಲ್ ಎರಡೂ ಸಾದಾ ಪಠ್ಯ, ಯಾರು ಯಾವ ಅಂಕಿ ಬದಲಿಸಿದರು ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಡಿಡಬ್ಲ್ಯುಸಿಮ್‌ನ ಡಿಡಬ್ಲ್ಯುಎಕ್ಸ್‌ಎಂಜಡ್ ಫೈಲ್ ಒಂದು ಜಿಪ್ ಕಟ್ಟು, ಗಿಟ್‌ಗೆ ಅದರ ಒಳಗು ಕಾಣದು. ಸೇವ್ ಆ್ಯಸ್ ಮಾಡಿ ಡಿಡಬ್ಲ್ಯುಎಕ್ಸ್‌ಎಂಎಲ್ ಆಗಿ ಉಳಿಸಿ. ರಿಯಾಕ್ಷನ್‌ಗಳನ್ನು ಮಾತ್ರ ಬೇರೆಯವರಿಗೆ ಕೊಡಬೇಕಿದ್ದರೆ ಇಡೀ ಫ್ಲೋಶೀಟ್ ಕಳಿಸಬೇಡಿ, ಎಕ್ಸ್‌ಪೋರ್ಟ್ ಬಟನ್ ಇದೆ. ಪಡೆದವರ ಫ್ಲೋಶೀಟಿನಲ್ಲಿ ಅವೇ ಸಂಯುಕ್ತಗಳು ಮೊದಲೇ ಇರಬೇಕು. ಇಂಪೋರ್ಟ್ ಆದ ಮೇಲೆ ಕ್ರಿಯೆಯನ್ನು ರಿಯಾಕ್ಷನ್ ಸೆಟ್‌ಗೆ ಸೇರಿಸಿ, ಆ ಸೆಟ್ಟನ್ನು ರಿಯಾಕ್ಟರಿಗೆ ಜೋಡಿಸುವುದನ್ನು ಮರೆತು ಕ್ರಿಯೆ ನಡೆಯುತ್ತಿಲ್ಲ ಎಂದು ಬರೆದವರು ಈ ಸಲವೂ ಇದ್ದಾರೆ.

ಪ್ರತಿ ಕ್ರಿಯೆಯ ಪಕ್ಕ ಒಂದು ಟಿಪ್ಪಣಿ ಇರಲಿ: ಅಂಕಿ ಎಲ್ಲಿಂದ ಬಂತು, ಎಷ್ಟನೇ ಪುಟ, ಮೂಲದಲ್ಲಿ ಯಾವ ಯೂನಿಟ್, ಎಷ್ಟರಿಂದ ಎಷ್ಟು ಉಷ್ಣತೆಗೆ ಅನ್ವಯ. ಕೆಮ್‌ಕಿನ್‌ನಲ್ಲಿ ಆಶ್ಚರ್ಯ ಚಿಹ್ನೆಯ ನಂತರ ಬರೆದದ್ದು, ಯಾಮಲ್‌ನಲ್ಲಿ ಹ್ಯಾಶ್ ನಂತರ ಬರೆದದ್ದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹ್ಯಾಶ್ ಟಿಪ್ಪಣಿ ಸ್ಕ್ರಿಪ್ಟಿನಿಂದ ಫೈಲ್ ಮರುಬರೆದಾಗ ಅಳಿಸಿಹೋಗಬಹುದು; ಯಾಮಲ್‌ನ ನೋಟ್ ಎಂಬ ಖಾನೆಯಲ್ಲಿ ಬರೆದರೆ ಉಳಿಯುತ್ತದೆ.